ಬೀಗರಿಗೆ ತೋರಿಸಬೇಕಿದ್ದ ಕೆರೆ

ಬೀಗರು ಬರುತ್ತಾರೆಂದರೆ ಯಾರ ಮನೆಯಲ್ಲಿ ಗಡಿಬಿಡಿ ಇರುವುದಿಲ್ಲ ಹೇಳಿ? ಮೊಗುಡಂಪಲ್ಲಿ ಹತ್ತಿರದ ಹಳ್ಳಿಯ ಶಾಂತಪ್ಪನ ಮನೆಯಲ್ಲಂತೂ ಗೋಡೆಗೆ ಸುಣ್ಣ ಬಿತ್ತು, ಹಾಸಿಗೆಗಳು ಬಿಸಿಲು ಕಂಡವು, ಹಿತ್ತಲ ಎಮ್ಮೆಗೂ ಎರಡೆರಡು ಸಲ ಮೈ ತೊಳೆದದ್ದಾಯಿತು. ಮಗಳನ್ನು ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ತಾಂಡೂರ ಕಡೆಯ ಬೀಗ ಸೂರ್ಯಕಾಂತರು ಶನಿವಾರ ಸಂಜೆ ಮೊದಲ ಸಲ ಬರುವವರಿದ್ದರು. ಫೋನಿನಲ್ಲಿ ಅವರು ಹೇಳಿಕೊಂಡ ಆಸೆ ಒಂದೇ.

"ನಿಮ್ಮೂರ ಕೆರ್ಯಾಗ ಹಕ್ಕಿ ಭಾಳ ಬರ್ತಾವಂತಲ್ರಿ, ಸೊಸಿ ಹೇಳ್ತಾಳ. ಅವನ್ನ ತೋರಸ್ರಿ ನಮಗ."

ಶಾಂತಪ್ಪ ಓಡಿಹೋಗಿ ಕೆರೆ ನೋಡಿದ. ದಿನಾ ನೋಡುವ ಕೆರೆಯೇ. ಆದರೆ ಬೀಗರ ಕಣ್ಣಿನಿಂದ ನೋಡಿದ್ದು ಅವತ್ತೇ ಮೊದಲು. ಆಳೆತ್ತರದ ಜೊಂಡು, ದಂಡೆಯುದ್ದಕ್ಕೂ ಕೆಸರು, ಒಣಗಿ ನಿಂತ ಜಾಲಿಮರ. ಇದನ್ನು ತೋರಿಸಿದರೆ ಮಗಳು ಅತ್ತೆಮನೆಯಲ್ಲಿ ತಲೆ ಎತ್ತುವುದು ಹೇಗೆ? ಕುಡುಗೋಲು ತಂದು ಒಂದು ಮೂಲೆಯ ಜೊಂಡನ್ನೆಲ್ಲ ಕೊಯ್ದು ಹಾಕಿದ. ಉಳಿದದ್ದಕ್ಕೆ ಶುಕ್ರವಾರ ಬೆಳಿಗ್ಗೆ ಜೆಸಿಬಿ ಬರಲು ಹೇಳಿದ.

ಶುಕ್ರವಾರ ಕೆರೆಯ ಏರಿಯ ಮೇಲೆ ಅವನ ವೈನಿ, ಅಂದರೆ ಅಣ್ಣನ ಹೆಂಡತಿ ಮಂಗಲಾ ಸಿಕ್ಕಳು. ಮಹಿಳಾ ಸಂಘದ ಮುಖಂಡೆ. ಕೊರಳಲ್ಲಿ ಸದಾ ದುರ್ಬೀನು. ಹಕ್ಕಿ ನೋಡುವ ಹುಚ್ಚು ಅವಳಿಗೆ.

"ಜೆಸಿಬಿ ಯಾಕ ಹೇಳಿದಿ ಶಾಂತಪ್ಪಾ?"

"ಕೆರಿ ಸಾಫ್ ಮಾಡಾಕ ವೈನಿ. ಬೀಗರು ಈ ಕಚರಾ ನೋಡಿದ್ರ ನಮ್ಮ ಇಜ್ಜತ್ ಉಳೀತದೇನ್ರಿ?"

"ಅವರು ನೋಡಾಕ ಬರೋದು ಹಕ್ಕಿನೋ, ನಿನ್ನ ಇಜ್ಜತ್ತೋ?"

"ಸಾಫ್ ಇದ್ರ ಹಕ್ಕಿ ಛಂದ ಕಾಣ್ತಾವಲ್ರಿ. ಜೊಂಡಿನ್ಯಾಗ ಅಡಗಿದ್ರ ಏನ್ ಕಾಣ್ತದ?"

ಮಂಗಲಾ ವಾದಕ್ಕೆ ನಿಲ್ಲಲಿಲ್ಲ. ಅವನು ಕೊಯ್ದ ಮೂಲೆಗೇ ಕರೆದುಕೊಂಡು ಹೋದಳು. "ತೋರ್ಸು, ಎಲ್ಲದಾವ?" ನೀರು ಸಾಫಾಗಿತ್ತು. ಹಕ್ಕಿ ಒಂದೂ ಇರಲಿಲ್ಲ.

ಆಮೇಲೆ ಏರಿಯ ಹುಣಸೆಮರದ ಮರೆಯಲ್ಲಿ ಅವನನ್ನು ಕೂರಿಸಿ ದುರ್ಬೀನು ಕೈಗಿತ್ತಳು. "ಬಿಸಿಲು ಬೆನ್ನಿಗಿರ್ಲಿ. ಫೋನ್ ಬಂದ್ ಮಾಡು. ಮಾತಾಡಬ್ಯಾಡ." ಶಾಂತಪ್ಪ ಬಾಯಿ ಮುಚ್ಚಿ ಕೂರುವುದು ಊರಿಗೇ ಸುದ್ದಿಯಾಗುವಂಥ ಸಂಗತಿ. ಆದರೂ ಕೂತ. ಸ್ವಲ್ಪ ಹೊತ್ತಿಗೆ ಜೊಂಡು ಅಲುಗಿತು. ನೀಲಿ ಮೈ, ಕೆಂಪು ಹಣೆಯ ನೀರುಕೋಳಿಯೊಂದು ಹೊರಬಂತು. ಅದರ ಹಿಂದೆ ಕರೀ ಮರಿಗಳು ತಟಪಟ ಕಾಲಿಡುತ್ತ ಬಂದವು.

"ವೈನೀ, ಮರಿ!" ಎಂದು ಅವನು ಪಿಸುಗುಟ್ಟಿದ.

"ಅವು ಗೂಡು ಕಟ್ಟೋದೇ ಜೊಂಡಿನ್ಯಾಗ. ಗೊರವ ಹಕ್ಕಿಗೆ ಕೆಸರಿನ್ಯಾಗಿನ ಹುಳಾನೇ ಊಟ. ಆ ಒಣ ಟೊಂಗಿ ಮ್ಯಾಲ ಕುಂತು ಮಿಂಚುಳ್ಳಿ ಮೀನ ಹಿಡೀತದ. ನೀ ಕಚರಾ ಅಂದದ್ದೆಲ್ಲ ಅವುಕ್ಕ ಮನಿ."

"ನಾ ಕೊಯ್ದ ಮೂಲ್ಯಾಗೂ ಗೂಡು ಇದ್ವೇನ್ರಿ?"

"ಇದ್ದಿರಬೇಕು," ಎಂದಳು ಮಂಗಲಾ ಮೆಲ್ಲಗೆ.

ಅಷ್ಟರಲ್ಲಿ ರಸ್ತೆಯಿಂದ ಜೆಸಿಬಿಯ ಸದ್ದು ಕೇಳಿತು. ಶಾಂತಪ್ಪ ಧೋತರ ಎತ್ತಿಕಟ್ಟಿ ಓಡಿದ, ಎರಡೂ ಕೈ ಅಗಲಿಸಿ ಅದರ ಮುಂದೆ ನಿಂತ. "ಬ್ಯಾಡಪ್ಪಾ, ಬ್ಯಾಡ! ಮನ್ಯಾಗ ಚಾ ಕುಡದು ವಾಪಸ್ ಹೋಗು!"

ಜೆಸಿಬಿ ಹೋಯಿತು, ಭಯ ಹೋಗಲಿಲ್ಲ. ಭಾನುವಾರ ಬೆಳಿಗ್ಗೆ ಬಿಳಿ ಬಟ್ಟೆಯ ಬೀಗರನ್ನು ಹುಣಸೆಮರದ ಬುಡಕ್ಕೆ ಕರೆತರುವಾಗ ಅವನ ಕಣ್ಣೆಲ್ಲ ಅವರ ಕಾಲಿನ ಮೇಲೆ. ಚಪ್ಪಲಿ ಕೆಸರಾಗಿತ್ತು.

"ತಪ್ಪು ತಿಳ್ಕೋಬ್ಯಾಡ್ರಿ ಬೀಗರೇ. ನಮ್ಮ ಕೆರಿ ಹಿಂಗೇ ಅದ."

ಸೂರ್ಯಕಾಂತರು ಮಂಗಲಾ ಕೊಟ್ಟಿದ್ದ ದುರ್ಬೀನನ್ನು ಕಣ್ಣಿನಿಂದ ತೆಗೆಯಲಿಲ್ಲ. "ನಮ್ಮೂರ ಕೆರಿ ದಂಡಿಗೆ ನಾವೇ ನಿಂತು ಫರಸಿ ಕಲ್ಲು ಹಾಸಿಸೀವ್ರಿ. ಅಂಗಳ ಇದ್ದಂಗ ಅದ. ಆದ್ರ ಹಾಸಿದ ಮ್ಯಾಲ ಹಕ್ಕಿ ಇಳಿಯೋದು ನಿಂತದ. ನಿಮ್ಮ ಕೆರಿ ನೋಡಿ ಹೊಟ್ಟಿ ತುಂಬ್ತು." ದುರ್ಬೀನನ್ನು ಅತ್ತ ತಿರುಗಿಸಿ ಕೇಳಿದರು: "ಆ ಮೂಲಿ ಯಾಕ ಬೋಳಾಗ್ಯದ?"

ಶಾಂತಪ್ಪ ಆ ಮೂಲೆಯತ್ತ ಕೈ ಮಾಡಿದ. "ಮುಂದಿನ ಮಳಿಗಾಲಕ್ಕ ಬರ್ರಿ. ಅಲ್ಲೂ ಜೊಂಡು ಬಂದಿರ್ತದ. ನಾ ಕೈ ಹಚ್ಚಂಗಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ಹಕ್ಕಿ ನೋಡಲು ದೂರ ಹೋಗಬೇಕಾಗಿಲ್ಲ. ನಾರಾಯಣಖೇಡದ ಕಡೆಯವರಿಗೆ ಮಂಜೀರಾ ಹಿನ್ನೀರಿದೆ, ಉಳಿದವರಿಗೆ ತಮ್ಮೂರ ಕೆರೆ, ಕುಂಟೆ. ಬೆಳಿಗ್ಗೆ ಬೇಗ ಹೋಗಿ. ಬಿಸಿಲಿಗೆ ಬೆನ್ನು ಕೊಟ್ಟು ಸುಮ್ಮನೆ ಕುಳಿತು ಜೊಂಡಿನ ಅಂಚು, ಕೆಸರು, ಒಣ ಟೊಂಗೆಗಳನ್ನು ನೋಡಿ. ಗೂಡಿನ ಹತ್ತಿರ ಸುಳಿಯಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ. ಬೀಗರು ಬರುತ್ತಾರೆಂದು ಮನೆಗೆ ಸುಣ್ಣ ಹಚ್ಚಿ, ಬೇಕಾದರೆ ಎಮ್ಮೆಯ ಮೈಯನ್ನೂ ತೊಳೆಯಿರಿ. ಕೆರೆಯನ್ನು ಮಾತ್ರ ಅದು ಇದ್ದ ಹಾಗೇ ಬಿಡಿ.