ದಿಬ್ಬಕ್ಕೆ ಬಿದ್ದರೆ ಔಟು

ರೂಪೇಶ್ ನನ್ನ ಹೆಗಲ ಮೇಲೆ ಕೈ ಇಟ್ಟಾಗಲೇ ಅದನ್ನು ಕೊಡವಿಬಿಡಬೇಕಿತ್ತು. ಯುರೋಪಿನ ಯಾವುದೋ ಪುಟ್ಟ ದೇಶದ ಹೆಂಗಸರ ತಂಡವನ್ನು ನಮ್ಮೂರ ಹುಡುಗಿಯರ ಜೊತೆ ಅಭ್ಯಾಸ ಪಂದ್ಯಕ್ಕೆಂದು ಕೆಜಿಎಫ್‌ಗೆ ಕರೆತಂದ ಬೆಂಗಳೂರಿನ ಏಜೆಂಟ್ ಅವನು.

"ಮುನೇಶ್ ಸಾರ್, ಇವರ ದೇಶದಲ್ಲಿ ಕ್ರಿಕೆಟ್ ಶುರುವಾಗಿ ಮೂರೇ ವರ್ಷ. ಒಂದು ಮ್ಯಾಚೂ ಗೆದ್ದಿಲ್ಲ. ಸ್ವಲ್ಪ ನೋಡ್ಕೊಳ್ಳಿ."

"ನೋಡ್ಕೊಳ್ಳೋದೇನು? ನಾನು ಅಂಪೈರು," ಎಂದೆ. ಹಗಲು ಕಾರ್ಖಾನೆ, ಸಂಜೆ ಕಾಲೇಜು ಎಂದು ಓದಿದವನು ನಾನು. ಅಂಪೈರ್ ಪರೀಕ್ಷೆ ಪಾಸಾಗಿದ್ದು ಮೂರನೇ ಸಲಕ್ಕೆ. ಹದಿನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಕುದಿಯುತ್ತಲೇ ಹೋಗಿ ಟಾಸ್ ಹಾಕಿಸಿದೆ.

ಕೊನೆಯ ಬಾಲಿಗೆ ವಿದೇಶಿ ತಂಡಕ್ಕೆ ನಾಲ್ಕು ರನ್ ಬೇಕಿತ್ತು. ಬೌಲಿಂಗ್ ನನ್ನ ಅಣ್ಣನ ಮಗಳು ನವ್ಯಳದು. ಅವರ ಕ್ಯಾಪ್ಟನ್ ಬೀಸಿ ಹೊಡೆದಳು. ಚೆಂಡು ಬೌಂಡರಿ ದಾಟಿ ಸೈನೈಡ್ ದಿಬ್ಬದ ಮೇಲೆ ಬಿತ್ತು.

ನಮ್ಮ ಹುಡುಗಿಯರು "ಔಟ್!" ಎಂದು ಕುಣಿದರು. ಅವರ ಹುಡುಗಿಯರು ಗೆದ್ದೆವೆಂದು ಮೈದಾನಕ್ಕೆ ನುಗ್ಗಿದರು.

ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಆ ವಿಷದ ಬಿಳಿ ಮಣ್ಣನ್ನು ಹತ್ತಿದರೆ ಚಿಕ್ಕಂದಿನಲ್ಲಿ ಮನೆಯಲ್ಲಿ ಏಟು ಬೀಳುತ್ತಿತ್ತು. ಹಾಗಾಗಿ ದಿಬ್ಬಕ್ಕೆ ಬಿದ್ದರೆ ಔಟು. ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ಹೊರಗಿನಿಂದ ಬಂದ ಇವರಿಗೆ ಹೇಳಬೇಕಿತ್ತು; ಸಿಟ್ಟಿನಲ್ಲಿ ಮರೆತಿದ್ದೆ.

"ಬೆರಳೆತ್ತಲಾ ಮುನೇಶ, ನಿದ್ದೆ ಮಾಡ್ತಾ ಇದ್ದೀಯಾ?" ನಮ್ಮ ತಂಡದ ಕೋಚ್ ಕದಿರಪ್ಪ ಕೂಗಿದ.

ಹಗ್ಗದಾಚೆ ರೂಪೇಶ್ ಎರಡೂ ಕೈ ಎತ್ತಿ ನಿಂತಿದ್ದ. "ಸಿಕ್ಸ್ ಸಾರ್, ಸಿಕ್ಸ್!"

ಬೆರಳೆತ್ತಿ ಅವನ ಮುಖದ ನಗು ಅಳಿಸಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಕ್ಯಾಪ್ಟನ್ ಬಂದು, ಇವರೇಕೆ ಕುಣಿಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೇಳಿದೆ. ಟಾಸ್‌ಗೆ ಮುಂಚೆ ಏಕೆ ಹೇಳಲಿಲ್ಲ ಎಂದಳು.

ಸಿಕ್ಸ್ ಎಂದು ಎರಡೂ ಕೈ ಎತ್ತಿದೆ.

"ಎಷ್ಟಕ್ಕೆ ಮಾರ್ಕೊಂಡೆ ಲೇ?" ಎಂದ ಕದಿರಪ್ಪ.

ಅದೇ ಗಳಿಗೆಯಲ್ಲಿ ರೂಪೇಶ್ ಓಡಿಬಂದು ಅವರ ತಂಡದ ಜೆರ್ಸಿಯನ್ನು ನನ್ನ ಹೆಗಲಿಗೆ ಹಾಕಿದ. "ನೀವು ನೋಡ್ಕೊತೀರ ಅಂತ ಗೊತ್ತಿತ್ತು ಸಾರ್!"

ಎಲ್ಲರಿಗೂ ಕೇಳಿಸಿತು. ಜೆರ್ಸಿಯನ್ನು ಅವನ ಮುಖಕ್ಕೆ ಎಸೆದೆ. "ನಿನಗೋಸ್ಕರ ಅಲ್ಲ ಕಣೋ! ರೂಲ್ ಹೇಳೋದು ಮರೆತಿದ್ದೆ, ಅದಕ್ಕೆ!"

"ಇದೇ ಗ್ರೌಂಡಲ್ಲಿ ಹುಟ್ಟಿ ಬೆಳ್ದೋನು ಮರೆತ್ನಂತೆ!" ಕದಿರಪ್ಪ ನಕ್ಕ. ಉಳಿದವರೂ ನಕ್ಕರು.

ಮೊದಲ ಗೆಲುವಿನ ಚೆಂಡು ಬೇಕೆಂದು ಕ್ಯಾಪ್ಟನ್ ದಿಬ್ಬದ ಕಡೆ ನೋಡುತ್ತಿದ್ದಳು. ಯಾರೂ ಅಲ್ಲಾಡಲಿಲ್ಲ. ನಾನೇ ಹತ್ತಿದೆ. ಮೊಣಕಾಲವರೆಗೆ ಬಿಳಿ ಪುಡಿ ಮೆತ್ತಿತು, ಗಂಟಲು ಉರಿಯಿತು. ಕೆಳಗಿನಿಂದ ಯಾರೋ ಸಿಳ್ಳೆ ಹಾಕಿದರು.

ಇಳಿದು ಬಂದಾಗ ನವ್ಯ ದಾರಿಗೆ ಅಡ್ಡ ನಿಂತಿದ್ದಳು. ಕಣ್ಣು ಕೆಂಪಗಿತ್ತು.

"ನೀನಾದ್ರೂ ನಂಬು. ನಿಜವಾಗ್ಲೂ ಮರೆತಿದ್ದೆ," ಎಂದೆ.

"ನಂಬ್ತೀನಿ ಚಿಕ್ಕಪ್ಪ." ಚೆಂಡನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಅದಕ್ಕೇ ಒಟ್ಟೆ ಉರೀತೈತೆ. ಬರೀ ಮರ್ತಿದ್ದಕ್ಕೆ ಮ್ಯಾಚ್ ಸೋತ್ವಿ. ಮಾರ್ಕೊಂಡಿದ್ರೆ ಬೈದು ಸುಮ್ನಾಗ್ತಿದ್ದೆ. ಇನ್ಮೇಲೆ ಟಾಸ್ ಟೈಮಲ್ಲಿ ರೂಲು ನಾನೇ ಏಳ್ತೀನಿ."

ನನ್ನ ಕಡೆ ತಿರುಗಿಯೂ ನೋಡದೆ ಹೋಗಿ, ಚೆಂಡನ್ನು ಕ್ಯಾಪ್ಟನ್ ಕೈಗೆ ಕೊಟ್ಟಳು.