ಬಿಟ್ಟುಕೊಡದ ಗೋಲು

ಊರಿನವರು ಅವನನ್ನು ರೀಲಣ್ಣ ಎಂದು ಕರೆಯುತ್ತಿದ್ದರು. ಸಿನಿಮಾ ಹುಚ್ಚು ಅದಕ್ಕೆ ಒಂದು ಕಾರಣ. ಯಾವ ಸುದ್ದಿ ಹೇಳಿದರೂ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳುತ್ತಾನೆ, ರೀಲು ಬಿಡುತ್ತಾನೆ ಎಂಬುದು ಇನ್ನೊಂದು ಕಾರಣ. ಹಾಗಾಗಿ ಮೈದಾನದಲ್ಲಿ ನಡೆದದ್ದನ್ನು ಅವನು ಹೇಳಿದಾಗ ಕೇಳಿದವರು ನಕ್ಕು ಸುಮ್ಮನಾದರು. ಅವನೂ ನಂಬಿಸುವ ಗೋಜಿಗೆ ಹೋಗಲಿಲ್ಲ.

ಅವನ ಕಸುಬು ಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿಸಿ, ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ಟು ತಯಾರಿಸುತ್ತಿದ್ದ. ಕೋಣೆಯ ಹಲಗೆಯ ಮೇಲೆ ಯಾರ್ಯಾರದೋ ದವಡೆಗಳು ಸಾಲಾಗಿ ನಗುತ್ತ ಕೂತಿರುತ್ತಿದ್ದವು. ಅವುಗಳ ಎದುರು ರೇಡಿಯೋದಲ್ಲಿ ಫುಟ್‌ಬಾಲ್ ಪಂದ್ಯದ ವಿವರಣೆ ಕೇಳುತ್ತ ಕೆಲಸ ಮಾಡುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ಗೋಲಾದಾಗ ಕೂಗಿದರೆ ಜೊತೆಗೆ ಇಷ್ಟು ಬಾಯಿಗಳಿವೆಯಲ್ಲ ಎಂದು ತಮಾಷೆ ಮಾಡುತ್ತಿದ್ದ.

ವಾರಕ್ಕೊಂದು ಪಂದ್ಯ, ವಾರಕ್ಕೊಂದು ಸಿನಿಮಾ. ಎರಡರ ಬಗ್ಗೆಯೂ ಅವನಿಗೆ ತನ್ನದೇ ಆದ ಯೋಚನೆಗಳಿದ್ದವು. ಎರಡೂ ಒಂದು ಮಧ್ಯಾಹ್ನದೊಳಗೆ ಮುಗಿಯುತ್ತವೆ, ಎರಡಕ್ಕೂ ನಡುವೆ ಬಿಡುವು ಇರುತ್ತದೆ, ಎರಡರಲ್ಲೂ ಗುರುತು ಪರಿಚಯವಿಲ್ಲದ ಸಾವಿರ ಜನ ಒಂದೇ ಕಡೆ ಮುಖ ಮಾಡಿ ಉಸಿರು ಹಿಡಿದು ಕೂರುತ್ತಾರೆ. ಆದರೆ ಸಿನಿಮಾದಲ್ಲಿ ತಪ್ಪಿದರೆ ಇನ್ನೊಂದು ಟೇಕ್ ಉಂಟು. ಫುಟ್‌ಬಾಲಿನಲ್ಲಿ ಚೆಂಡು ಗೆರೆ ದಾಟಿತೋ, ಮುಗಿಯಿತು. ಸತ್ತುಹೋದ ನಟ ಕೂಡ ಸಿನಿಮಾದಲ್ಲಿ ಮ್ಯಾಟಿನಿಗೆ ಒಮ್ಮೆ, ಫಸ್ಟ್ ಶೋಗೆ ಒಮ್ಮೆ ಅದೇ ವಯಸ್ಸಿನಲ್ಲಿ ಎದ್ದು ಬಂದು ಹಾಡುತ್ತಾನೆ. ಆಟಗಾರ ಹೋದರೆ ಮೈದಾನದಲ್ಲಿ ಏನೂ ಉಳಿಯುವುದಿಲ್ಲ, ಹುಲ್ಲು ಕೂಡ ಮತ್ತೆ ಚಿಗುರಿಬಿಡುತ್ತದೆ. ಇದನ್ನು ಅವನು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದ, ಹೆಂಡತಿಯ ಮುಂದೆ ಮಾತ್ರ ಹೇಳುತ್ತಿರಲಿಲ್ಲ.

ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಬೈಯುವುದರಲ್ಲಿ ಹೆಸರುವಾಸಿ. ಅವಳ ತರಗತಿ ದಾಟುವಾಗ ಹೆಡ್‌ಮಾಸ್ಟರರೂ ಚಪ್ಪಲಿಯ ಸದ್ದು ಅಡಗಿಸಿಕೊಂಡು ನಡೆಯುತ್ತಾರೆ ಎಂದು ರೀಲಣ್ಣ ಹೇಳುತ್ತಿದ್ದ. ಮನೆಯಲ್ಲಿ ಅವಳನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದ. ಅಂಥವಳು ಫುಟ್‌ಬಾಲ್ ಎಂಬ ಪದ ಕಿವಿಗೆ ಬಿದ್ದರೆ ಎದ್ದು ಒಳಗೆ ಹೋಗುತ್ತಿದ್ದಳು.

ಕಾರಣ ಅವಳ ಅಣ್ಣ. ಆತ ಊರ ತಂಡದ ಗೋಲ್‌ಕೀಪರ್ ಆಗಿದ್ದ. ಆ ವರ್ಷವೆಲ್ಲ ಎಂಥೆಂಥ ಹೊಡೆತಗಳನ್ನೋ ಹಿಡಿದು ತಂಡವನ್ನು ಫೈನಲ್ಲಿಗೆ ತಂದವನೇ ಆತ. ಫೈನಲ್ಲಿನ ಕೊನೆಯ ಹೊತ್ತಿನಲ್ಲಿ ಒಂದು ಚೆಂಡು ನೆಲದ ಮೇಲೆ ಮೆಲ್ಲಗೆ ಉರುಳಿಕೊಂಡು ಬಂತು. ನಡೆಯಲು ಕಲಿತ ಮಗು ಕೂಡ ಹಿಡಿಯಬಹುದಾಗಿದ್ದ ಚೆಂಡು. ಆತ ಬಗ್ಗಿದ, ಅದು ಕೈಗಳ ನಡುವೆ, ಆಮೇಲೆ ಕಾಲುಗಳ ನಡುವೆ ನುಸುಳಿ ಬಲೆ ಸೇರಿತು. ರೀಲಣ್ಣ ಆಗ ಹುಡುಗ, ಗ್ಯಾಲರಿಯಲ್ಲಿ ಕೂತು ನೋಡಿದ್ದ. ಆ ಮನೆಯ ಅಳಿಯನಾಗುತ್ತೇನೆಂದು ಅವನಿಗೆ ಗೊತ್ತಿರಲಿಲ್ಲ. ಪಂದ್ಯ ಮುಗಿದ ಮೇಲೂ ಆತ ಗೋಲಿನೊಳಗೆ ಹಾಗೆಯೇ ಬಗ್ಗಿಕೊಂಡು ನಿಂತಿದ್ದದ್ದು ಅವನಿಗೆ ನೆನಪಿತ್ತು.

ಕೆಲವು ವಾರಗಳ ನಂತರ ಊರಾಚೆಯ ರೈಲು ಹಳಿಯ ಬಳಿ ಆತನ ದೇಹ ಸಿಕ್ಕಿತು. ರೈಲಿನ ಸದ್ದು ಕೇಳಿಸಿರಲಿಕ್ಕಿಲ್ಲ ಎಂದು ಮನೆಯವರು ಹೇಳಿದರು, ಊರೂ ಹಾಗೆಯೇ ಹೇಳಿತು.

ಇಷ್ಟು ವರ್ಷಗಳ ಮೇಲೆ ಆ ತಂಡದ ಕಥೆ ಇಟ್ಟುಕೊಂಡು ಸಿನಿಮಾ ತೆಗೆಯಲು ಒಂದು ಕಂಪನಿ ಬಂತು. ಮೈದಾನದಲ್ಲಿ ದೊಡ್ಡ ದೀಪಗಳು, ಹಳಿಯ ಮೇಲೆ ಓಡುವ ಕ್ಯಾಮೆರಾ, ಬಣ್ಣದ ಛತ್ರಿಗಳು. ರೀಲಣ್ಣನಿಗೆ ತನ್ನ ಎರಡು ಹುಚ್ಚುಗಳೂ ಒಂದೇ ಕಡೆ ಸಿಕ್ಕಂತಾಯಿತು. ಹಲ್ಲುಗಳನ್ನು ಹಲಗೆಯ ಮೇಲೆ ನಗಲು ಬಿಟ್ಟು ದಿನವೂ ಅಲ್ಲಿಗೆ ಹೋಗಿ ನಿಲ್ಲತೊಡಗಿದ. ಗೋಲ್‌ಕೀಪರನ ಪಾತ್ರ ಮಾಡುತ್ತಿದ್ದ ನಾಯಕನಟನ ಕಾಲು ಉಳುಕಿದ ದಿನ ನಿರ್ದೇಶಕ ಇವನನ್ನು ದೂರದಿಂದ ನೋಡಿ ಹತ್ತಿರ ಕರೆದ. ಹಿಂದಿನಿಂದ ನೋಡಿದರೆ ಆ ಗೋಲ್‌ಕೀಪರನ ಹಳೆಯ ಫೋಟೋದ ಹಾಗೆಯೇ ಕಾಣುತ್ತೀರಿ, ಅಗಲ ಭುಜ, ಸ್ವಲ್ಪ ಬಾಗಿದ ಬೆನ್ನು, ಮುಖ ತೋರಿಸುವ ಶಾಟ್ ಅಲ್ಲ, ಬಗ್ಗಿ ಚೆಂಡನ್ನು ಕಾಲ ಸಂದಿಯಿಂದ ಬಿಟ್ಟರೆ ಸಾಕು ಎಂದ.

ರೀಲಣ್ಣ ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಅವಳು ಒಣಗಿದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಮಡಿಸಿಟ್ಟಳು. ಕೊನೆಗೆ, ಸಿನಿಮಾದವರು ಏನು ಬೇಕಾದರೂ ಮಾಡಿಕೊಳ್ಳಲಿ, ನೀವೂ ನಿಮ್ಮ ಆಸೆ ತೀರಿಸಿಕೊಳ್ಳಿ, ಅದನ್ನು ನೋಡಲು ನನ್ನನ್ನು ಮಾತ್ರ ಕರೆಯಬೇಡಿ ಎಂದಳು.

ಮರುದಿನ ಮಧ್ಯಾಹ್ನ ಶೂಟಿಂಗ್. ಕೂಗಲು ಕರೆತಂದಿದ್ದ ಜನರನ್ನು ಒಂದು ಮೂಲೆಯಲ್ಲಿ ಒತ್ತಿ ಕೂರಿಸಿದ್ದರು, ಉಳಿದ ಗ್ಯಾಲರಿ ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು. ಉಡುಪಿನವನು ಪ್ಲಾಸ್ಟಿಕ್ ಚೀಲ ಹರಿದು ಹೊಚ್ಚ ಹೊಸ ಕೈಗವಸುಗಳನ್ನು ಕೊಟ್ಟ. ರೀಲಣ್ಣ ಕೈ ತೂರಿಸಿದ. ಒಳಗೆ ಬೆಚ್ಚಗಿತ್ತು. ಯಾರೋ ಈಗಷ್ಟೇ ಬಿಚ್ಚಿಕೊಟ್ಟ ಹಾಗೆ ಬೆರಳುಗಳ ತುದಿಯಲ್ಲಿ ಬೆವರಿನ ಪಸೆಯೂ ಇತ್ತು. ಬಿಸಿಲಿಗಿರಬೇಕು ಅಂದುಕೊಂಡ.

ಚೆಂಡು ಹೊಡೆಯಲು ಬಂದಿದ್ದವನು ಅಳತೆ ಮಾಡಿದ ಹಾಗೆ ಮೆಲ್ಲಗೆ ಉರುಳಿಸಿದ. ಹೇಳಿಕೊಟ್ಟಂತೆ ರೀಲಣ್ಣ ಬಗ್ಗಿದ, ಕಾಲು ಅಗಲಿಸಿದ. ಅಷ್ಟರಲ್ಲಿ ಯಾರೋ ಹಿಂದಿನಿಂದ ಅವನ ಎರಡೂ ಮೊಣಕೈ ಹಿಡಿದು ಮುಂದಕ್ಕೆ ತಂದ ಹಾಗಾಯಿತು. ಚೆಂಡು ಕೈಯಲ್ಲಿತ್ತು. ಅದನ್ನು ಎದೆಗೆ ಒತ್ತಿ, ಗಲ್ಲವನ್ನು ಅದರ ಮೇಲೆ ಊರಿಕೊಂಡು ಅವನು ಮಂಡಿಯೂರಿ ಕೂತಿದ್ದ.

ಎಲ್ಲರೂ ನಕ್ಕರು. ಅಭ್ಯಾಸಬಲ ಸರ್, ಎಂದು ಅವನೂ ನಕ್ಕ. ಆದರೆ ಅವನು ಜೀವನದಲ್ಲಿ ಒಮ್ಮೆಯೂ ಗೋಲಿನಲ್ಲಿ ನಿಂತವನಲ್ಲ. ಗ್ಯಾಲರಿಯಲ್ಲಿ ಕೂತು ಬೈಯುವುದಷ್ಟೇ ಅವನ ಅಭ್ಯಾಸ.

ಎರಡನೆಯ ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದ. ಆದರೂ ಚೆಂಡು ಕೈಗೆ ಬಂತು. ಮೂರನೆಯ ಸಲ ಹೊಡೆಯುವವನು ಬೇಕೆಂದೇ ಮೂಲೆಗೆ ಹೊಡೆದ. ಹಲ್ಲು ಮಾಡುವ, ಹೊಟ್ಟೆ ಬಂದ ಮನುಷ್ಯ ಗಾಳಿಯಲ್ಲಿ ಅಡ್ಡಡ್ಡ ಹಾರಿ ಅದನ್ನು ತಬ್ಬಿಕೊಂಡು ಬಿದ್ದ. ಈ ಸಲ ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಬಾಡಿಗೆ ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಖಾಲಿ ಗ್ಯಾಲರಿಯ ಕಡೆಯಿಂದಲೂ ಕೇಳಿಸಿತು ಎಂದು ಅವನು ಆಮೇಲೆ ಹೇಳುತ್ತಿದ್ದ.

ನಿರ್ದೇಶಕ ಸಿಟ್ಟಾಗಿ ಇವನನ್ನು ಪಕ್ಕಕ್ಕೆ ಕೂರಿಸಿ, ಊರ ತಂಡದ ಈಗಿನ ಗೋಲ್‌ಕೀಪರನನ್ನು ಕರೆಸಿದ. ಆತ ಕೈಗವಸು ಹಾಕಿಕೊಂಡು ಬಗ್ಗಿದ, ಹಿಡಿದ. ಮತ್ತೆ ಬಗ್ಗಿದ, ಮತ್ತೆ ಹಿಡಿದ. ಗಲ್ಲವನ್ನು ಚೆಂಡಿನ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದವನು ಥಟ್ಟನೆ ಎದ್ದು ಕೈಗವಸುಗಳನ್ನು ಕಿತ್ತು ಹುಲ್ಲಿನ ಮೇಲೆ ಎಸೆದ. ಇದು ನನ್ನ ಕೈಲಾಗೋದಲ್ಲ ಸರ್ ಎಂದಷ್ಟೇ ಹೇಳಿ ಹೊರಟುಬಿಟ್ಟ.

ಕೀಪರೇ ಬೇಡ, ಖಾಲಿ ಗೋಲಿನೊಳಗೆ ಚೆಂಡು ಹೋಗುವುದನ್ನು ತೆಗೆಯೋಣ, ಆಮೇಲೆ ಜೋಡಿಸಿಕೊಂಡರಾಯಿತು ಎಂದ ಛಾಯಾಗ್ರಾಹಕ. ಚೆಂಡು ಉರುಳಿತು. ಗೆರೆಯ ಹತ್ತಿರ ಬಂದು ನಿಂತಿತು. ಹುಲ್ಲು ಉದ್ದವಾಗಿದೆ ಎಂದು ಹುಲ್ಲು ಕತ್ತರಿಸಿದರು, ಮತ್ತೆ ಅಲ್ಲೇ ನಿಂತಿತು. ಛಾಯಾಗ್ರಾಹಕ ರೇಗಿ ತಾನೇ ಓಡಿಬಂದು ಬಲವಾಗಿ ಒದ್ದ. ಚೆಂಡು ಗೆರೆಯ ಬಳಿ ಧಪ್ಪೆಂದು ಸದ್ದು ಮಾಡಿ ನೆಲಕ್ಕೆ ಬಿತ್ತು. ಕಂಬಕ್ಕೆ ತಗಲಿತು ಎಂದ ಅವನು. ಕಂಬ ಅಲ್ಲಿಂದ ದೂರವಿತ್ತು, ಎಲ್ಲರಿಗೂ ಕಾಣುತ್ತಿತ್ತು. ಬೆಳಕು ಸರಿಯಿಲ್ಲ ಎಂಬ ನೆವ ಹೇಳಿ ಕೆಲಸ ನಿಲ್ಲಿಸಿದರು.

ಸಂಜೆ ಹೆಂಡತಿ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ರೀಲಣ್ಣ ಮಣ್ಣಾದ ಬಟ್ಟೆಯಲ್ಲೇ ಕುರ್ಚಿ ಎಳೆದುಕೊಂಡು ಕೂತು ನಡೆದದ್ದನ್ನು ಹೇಳಿದ. ಉಪ್ಪುಖಾರ ಹಚ್ಚಲಿಲ್ಲ, ಹಚ್ಚುವ ಅಗತ್ಯವೂ ಕಾಣಲಿಲ್ಲ. ಅವಳು ಕೆಂಪು ಪೆನ್ನು ಕೆಳಗಿಟ್ಟಳು.

"ಹಿಡಿದ ಮೇಲೆ ಏನು ಮಾಡಿದ್ರಿ? ಚೆಂಡಿನ ಮೇಲೆ ಗಲ್ಲ ಇಟ್ರಾ?"

ಗಲ್ಲದ ಮಾತನ್ನು ಅವನು ಹೇಳಿರಲಿಲ್ಲ. "ನಿಂಗೆ ಹೇಗೆ ಗೊತ್ತು?"

ಚಿಕ್ಕಂದಿನಲ್ಲಿ ಹಿತ್ತಲಲ್ಲಿ ಆಡುವಾಗಲೂ ಅಣ್ಣ ಹಾಗೆಯೇ ಮಾಡುತ್ತಿದ್ದ, ಚೆಂಡು ನಿದ್ದೆ ಹೋಗಲಿ ಎಂದು ಹೇಳುತ್ತಿದ್ದ ಎಂದಳು. ಆಮೇಲೆ, ಮದುವೆಯಾದಾಗಿನಿಂದ ಆಡದ ಮಾತನ್ನು ಆಡಿದಳು. ಸೋತ ದಿನ ಅಣ್ಣ ಮನೆಗೆ ಬಂದಾಗ ಯಾರೂ ಪಂದ್ಯದ ಮಾತು ಎತ್ತಲಿಲ್ಲವಂತೆ. ಅಮ್ಮ ಬಡಿಸಿದರು, ಅಪ್ಪ ಹವಾಮಾನದ ಬಗ್ಗೆ ಮಾತಾಡಿದರು, ಇವಳು ಅಣ್ಣನ ತಟ್ಟೆ ತೊಳೆದಿಟ್ಟಳು. ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ ಹಾಗೆಯೇ. ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕಾಯುತ್ತಿದ್ದನಂತೆ.

"ಅವನಿಗೆ ನೋವಾಗುತ್ತೆ ಅಂತ ಎಲ್ಲರೂ ಬಾಯಿ ಮುಚ್ಕೊಂಡಿದ್ವಿ. ಊರಿನ ಮಕ್ಕಳಿಗೆಲ್ಲ ಬೈತೀನಿ, ಅವನಿಗೊಂದು ಮಾತು ಬೈಲಿಲ್ಲ ನಾನು."

ಮರುದಿನ ಅವಳು ಶಾಲೆಗೆ ರಜೆ ಹಾಕಿ ಗಂಡನ ಜೊತೆ ಹೊರಟಳು. ಮೈದಾನದಲ್ಲಿ ಚೆಂಡು ಮತ್ತೆ ಗೆರೆಯ ಬಳಿ ನಿಲ್ಲುತ್ತಿತ್ತು. ಅವಳು ಯಾರನ್ನೂ ಕೇಳದೆ ಸೀದಾ ಗೋಲಿನ ಹಿಂದೆ ಹೋಗಿ ಬಲೆಗೆ ಎದುರಾಗಿ ನಿಂತಳು. ತಡೆಯಲು ಬಂದ ಸಹಾಯಕನನ್ನು ರೀಲಣ್ಣ ಕೈ ಹಿಡಿದು ನಿಲ್ಲಿಸಿದ.

"ಅಣ್ಣಾ," ಎಂದಳು. ದನಿ ತರಗತಿಯ ದನಿಯೇ. "ಎಂಥಾ ಗೋಲ್ ಬಿಟ್ಟೆ ನೀನು? ಕಣ್ಣು ಎಲ್ಲಿತ್ತು? ನನ್ನ ಗೆಳತೀರೆಲ್ಲ ಹಲ್ಲು ಕಿಸಿದ್ರು. ನಾಳೆ ಸ್ಕೂಲಿಗೆ ಹೇಗೆ ಹೋಗ್ಲಿ ಅಂತ ಅಳು ಬಂತು ನಂಗೆ. ಅಷ್ಟು ಸಿಟ್ಟಿತ್ತು ನಿನ್ನ ಮೇಲೆ." ಅವಳು ಉಸಿರೆಳೆದುಕೊಂಡಳು. "ಸಿಟ್ಟು ಅಷ್ಟೇ ಕಣೋ. ಬಾಯಿಬಿಟ್ಟು ಬೈದಿದ್ರೆ ನಾಲ್ಕು ದಿನದಲ್ಲಿ ಹೋಗ್ತಿತ್ತು. ನೀನು ಯಾಕೆ ಕಾಯ್ಲಿಲ್ಲ?"

ಗಾಳಿ ಇರಲಿಲ್ಲ, ಬಾವುಟಗಳು ಜೋತು ಬಿದ್ದಿದ್ದವು. ಆದರೂ ಬಲೆ ಅವಳೆದುರಿಗೆ ಒಂದೇ ಕಡೆ, ಒಳಗಿನಿಂದ ಯಾರೋ ಬೆರಳು ಸಿಕ್ಕಿಸಿ ಹಣೆ ಒತ್ತಿ ನಿಂತ ಹಾಗೆ, ಅವಳ ಕಡೆಗೆ ಉಬ್ಬಿತ್ತು. ರೀಲಣ್ಣ ನೋಡಿದ. ನಿರ್ದೇಶಕನೂ ನೋಡಿದ, ನೋಡಿ ತಕ್ಷಣ ಕಾಲಬುಡದ ಹುಲ್ಲು ನೋಡತೊಡಗಿದ. ಅವಳು ಅಲ್ಲಿ ಕೈ ಇಟ್ಟು ಇನ್ನೂ ಏನೇನೋ ಬೈದಳು, ತಗ್ಗಿದ ದನಿಯಲ್ಲಿ. ಕೆಲವಕ್ಕೆ ಅಳುತ್ತಿದ್ದಳು, ಒಂದಕ್ಕೆ ನಕ್ಕಳು ಕೂಡ. ಬಲೆ ನಿಧಾನವಾಗಿ ಸಡಿಲಿ ನೇರವಾಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಅವಳು ಈಚೆ ಬಂದಳು.

"ಈಗ ಹೊಡೀರಿ," ಎಂದಳು.

ರೀಲಣ್ಣ ಹೋಗಿ ಗೋಲಿನಲ್ಲಿ ನಿಂತ. ರಾತ್ರಿಯೆಲ್ಲ ಹುಲ್ಲಿನ ಮೇಲೇ ಬಿದ್ದಿದ್ದ ಕೈಗವಸುಗಳ ಒಳಗೆ ಇಬ್ಬನಿಯ ತಣ್ಣನೆಯ ಒದ್ದೆ. ಚೆಂಡು ಉರುಳಿ ಬಂತು. ಅವನು ಬಗ್ಗಿದ, ಯಾರೂ ಮೊಣಕೈ ಮುಟ್ಟಲಿಲ್ಲ. ಚೆಂಡು ಕಾಲುಗಳ ನಡುವೆ ಹಾದು ಬಲೆಯ ತಳ ಮುಟ್ಟಿ ಸುಮ್ಮನಾಯಿತು. ಒಂದೇ ಟೇಕ್‌ಗೆ ಮುಗಿಯಿತು. ಇನ್ನೊಂದು ಇರಲಿ ಎನ್ನುವ ಧೈರ್ಯ ನಿರ್ದೇಶಕನಿಗೆ ಬರಲಿಲ್ಲ.

ಸಿನಿಮಾ ಬಿಡುಗಡೆಯಾದಾಗ ಗಂಡ ಹೆಂಡತಿ ಮ್ಯಾಟಿನಿಗೆ ಹೋದರು. ಆ ದೃಶ್ಯವೇ ಇರಲಿಲ್ಲ. ನಾಯಕನಟನಂಥವನು ಅಷ್ಟು ಸುಲಭದ ಚೆಂಡು ಬಿಡುವುದನ್ನು ಅಭಿಮಾನಿಗಳು ಒಪ್ಪುವುದಿಲ್ಲ ಎಂದು ಕಥೆಯನ್ನೇ ತಿರುಗಿಸಿ, ಕೊನೆಯಲ್ಲಿ ಅವನು ಪೆನಾಲ್ಟಿ ಹಿಡಿದು ಕಪ್ ಗೆಲ್ಲುವಂತೆ ಮಾಡಿದ್ದರು. ಚಿತ್ರಮಂದಿರದವರೆಲ್ಲ ಎದ್ದು ಶಿಳ್ಳೆ ಹೊಡೆದರು. ಟೀಚರಮ್ಮ ಕತ್ತಲಲ್ಲಿ ಬಾಯಿಗೆ ಕರ್ಚೀಫು ಒತ್ತಿಕೊಂಡು ನಗುತ್ತಿದ್ದಳು. ಇದನ್ನೇನಾದರೂ ಅಣ್ಣ ನೋಡಿದ್ದರೆ ನಾಚಿಕೆಯಿಂದ ಸಾಯುತ್ತಿದ್ದ ಎಂದಳು, ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಗಂಡನ ಕೈ ಹಿಡಿದುಕೊಂಡಳು.

ಆಮೇಲೆ ಅವಳು ಪಂದ್ಯಗಳಿಗೆ ಬರತೊಡಗಿದಳು. ಗ್ಯಾಲರಿಗೆ ಅಲ್ಲ, ಊರ ತಂಡದ ಗೋಲಿನ ಹಿಂದೆ, ಹುಲ್ಲಿನ ಮೇಲೆ ಪೇಪರು ಹಾಸಿಕೊಂಡು ಕೂರುತ್ತಾಳೆ. ಇಡೀ ಆಟ ಮೆಲುದನಿಯಲ್ಲಿ ಏನೋ ಹೇಳುತ್ತಿರುತ್ತಾಳೆ. ಮಧ್ಯೆ ನಿಲ್ಲಿಸುತ್ತಾಳೆ, ತಲೆಯಾಡಿಸುತ್ತಾಳೆ, ಮತ್ತೆ ಶುರು ಮಾಡುತ್ತಾಳೆ. ರೀಲಣ್ಣ ದೂರದಿಂದ ನೋಡುತ್ತಾನೆ. ಏನು ಮಾತು ಎಂದು ಅವನು ಕೇಳಿಲ್ಲ, ಕೇಳಬೇಕೆಂದೂ ಅನಿಸಿಲ್ಲ. ಪಂದ್ಯ ನೋಡುವಾಗ ಈಗ ಅವನು ಯಾವ ಗೋಲ್‌ಕೀಪರನಿಗೂ ಬೈಯುವುದಿಲ್ಲ.

ಹೋದ ವಾರ ಬಿಡುವಿನ ಹೊತ್ತಿನಲ್ಲಿ ತಂಡದ ಗೋಲ್‌ಕೀಪರ್, ಅವತ್ತು ಕೈಗವಸು ಎಸೆದು ಹೋದವನೇ, ಅವನ ಹತ್ತಿರ ಬಂದು ತಲೆ ಕೆರೆದುಕೊಂಡು ನಿಂತ.

"ರೀಲಣ್ಣ, ಅಕ್ಕ ಎಡಕ್ಕೆ ಅಂದ್ರೆ ಬಾಲು ಎಡಕ್ಕೇ ಬರುತ್ತೆ. ಅವರಿಗೆ ಹೇಗೆ ಮೊದಲೇ ಗೊತ್ತಾಗುತ್ತೆ?"

ಅವಳು ಗಣಿತದ ಟೀಚರು, ಲೆಕ್ಕ ಹಾಕುತ್ತಾಳೆ ಎಂದ ರೀಲಣ್ಣ. ಆತ ನಂಬಿದಂತೆ ಕಾಣಲಿಲ್ಲ. ಸೆಕೆಂಡ್ ಹಾಫಿಗೆ ಬದಿ ಬದಲಾಗುತ್ತದಲ್ಲ, ಅಕ್ಕನಿಗೆ ಆ ಕಡೆ ಬಂದು ಕೂರಲು ಹೇಳುತ್ತೀರಾ ಎಂದು ಕೇಳಿದ. ಹೇಳುವ ಅಗತ್ಯ ಬೀಳಲಿಲ್ಲ. ಅವಳು ಆಗಲೇ ಎದ್ದು ಪೇಪರು ಮಡಿಸಿಕೊಂಡು, ಮಾತಾಡುತ್ತಲೇ ಮೈದಾನದ ಅಂಚಿನಲ್ಲಿ ಆ ಕಡೆಗೆ ನಡೆದುಹೋಗುತ್ತಿದ್ದಳು. ಪಕ್ಕದಲ್ಲಿ ಒಬ್ಬರು ನಡೆಯುವಷ್ಟು ಜಾಗ ಬಿಟ್ಟಿದ್ದಳು.