ಹಲ್ಲಕ್ಕ ಬರೆಸಿದ ಕಾಗದ

ಮಗಳ ಬಲಗಡೆಯ ಜಡೆ ಮುಗಿದಿತ್ತು. ಎಡಗಡೆಯ ಕೂದಲನ್ನು ಮೂರು ಪಾಲು ಮಾಡಿ ಬೆರಳಿಗೆ ಸಿಕ್ಕಿಸಿಕೊಂಡಿದ್ದಳಷ್ಟೆ, ಯಾರೋ ಬಾಗಿಲು ಬಡಿದರು. ಹಲ್ಲಿನ ಆಸ್ಪತ್ರೆಯ ಕಾಂಪೌಂಡರ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಲಕೋಟೆ ಹಿಡಿದು ನಿಂತಿದ್ದ.

"ಹಲ್ಲಕ್ಕಾ, ನೀವು ಕೇಳಿದ್ದ ಕಾಗದ. ಡಾಕ್ಟ್ರು ಕೊಟ್ಟು ಬಾ ಅಂದ್ರು" ಎಂದವನು ಅವಳ ಮುಖ ನೋಡದೆ ಹೊಸ್ತಿಲನ್ನೇ ನೋಡುತ್ತಿದ್ದ. ಲಕೋಟೆ ಕೈಗಿಟ್ಟವನೇ ಸೈಕಲ್ ಹತ್ತಿ ಮಾಯವಾದ.

ಹಲ್ಲಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುತ್ತಿದ್ದವಳು ಅವಳು. ಊರಿನ ಅರ್ಧ ಮುದುಕರು ಅವಳ ಕೈಗುಣದಿಂದಲೇ ರೊಟ್ಟಿ ಅಗಿಯುತ್ತಿದ್ದರು. ಆದರೆ ಸೆಟ್ಟಿನ ಡಬ್ಬಿಯ ಮೇಲಿರುತ್ತಿದ್ದದ್ದು ಡಾಕ್ಟರ ಹೆಸರು. ಸಮುದ್ರದಾಚೆಯ ದೇಶವೊಂದಕ್ಕೆ ಇಂಥ ಕೆಲಸ ಬಲ್ಲ ಕೈಗಳು ಬೇಕಾಗಿದ್ದವು. ಅವಳು ಪರೀಕ್ಷೆ ಪಾಸಾಗಿದ್ದಳು, ಅಲ್ಲಿಯ ಲ್ಯಾಬಿನವರು ಕೆಲಸ ಕೊಡಲು ಒಪ್ಪಿದ್ದರು. ಹಲ್ಲು ಜೋಡಿಸುವ ಕೆಲಸವನ್ನು ಇವಳು ಸ್ವತಃ ಮಾಡುತ್ತಾಳೆ ಎಂದು ಡಾಕ್ಟರು ಬರೆದುಕೊಡುವುದೊಂದು ಬಾಕಿ. ಅರ್ಜಿಯ ಜೊತೆ ಆ ಕಾಗದ ಇವತ್ತು ಸಂಜೆ ಐದರೊಳಗೆ ವೀಸಾ ಕಚೇರಿ ಸೇರಬೇಕು. ತಪ್ಪಿದರೆ ಆ ಕೆಲಸ ಇನ್ನೊಬ್ಬರ ಪಾಲು.

ಅವಳು ನಿಂತಲ್ಲೇ ಓದಿದಳು. "ಇವರು ನಮ್ಮಲ್ಲಿ ಸಹಾಯಕಿಯಾಗಿ, ಉಪಕರಣ ತೊಳೆಯುವುದು ಮುಂತಾದ ಕೆಲಸಗಳನ್ನು ಪ್ರಾಮಾಣಿಕವಾಗಿ ಮಾಡಿರುತ್ತಾರೆ."

"ಏನಂತೆ?" ಎಂದು ಒಳಗಿನಿಂದ ಅತ್ತೆ ಕೇಳಿದರು.

"ನಾನು ತೊಳೆಯೋಳಂತೆ ಅತ್ತೆ."

"ತೊಳೆಯೋಳಾ?" ಅತ್ತೆ ಸೆರಗು ಸಿಕ್ಕಿಸಿಕೊಂಡೇ ಹೊರಗೆ ಬಂದರು. "ಹಾಗಾದ್ರೆ ನನ್ನ ಬಾಯಲ್ಲಿರೋದನ್ನ ಮಾಡಿದ್ದು ಯಾರು, ಅವರಪ್ಪನಾ? ನಡಿ, ನಾನೂ ಬರ್ತೀನಿ."

"ನೀವು ಯಾಕೆ ಅತ್ತೆ ಬಿಸಿಲಲ್ಲಿ?"

"ಸಾಕ್ಷಿ ಬೇಡ್ವಾ? ಬಾಯಲ್ಲೇ ಇಟ್ಕೊಂಡಿದೀನಿ."

ಅವಳು ಅರ್ಜಿಯನ್ನೂ ಲಕೋಟೆಯನ್ನೂ ಚೀಲಕ್ಕೆ ತುರುಕಿದಳು. ಶಾಲೆಗೆ ರಜೆಯಿದ್ದುದರಿಂದ ಮಗಳು ಗುಬ್ಬಿಯೂ ಜೊತೆಗೆ ಹೊರಟಳು, ಒಂದು ಕಡೆ ಜಡೆ, ಇನ್ನೊಂದು ಕಡೆ ಪೊರಕೆ. ಅರ್ಜಿ ತುಂಬಿದ ದಿನದಿಂದ ಈ ಎಂಟು ವರ್ಷದವಳು ಏನೋ ಕೇಳಲು ಬಾಯಿ ತೆರೆಯುವಳು, ಹಾಗೆಯೇ ಮುಚ್ಚುವಳು. ದಾರಿಯಲ್ಲೂ ಎರಡು ಸಲ ಹಾಗಾಯಿತು. ತಾಯಿ "ಏನು ಪುಟ್ಟ?" ಎಂದು ಕೇಳಲಿಲ್ಲ. ಮೊದಲು ತಾನೊಬ್ಬಳೇ ಹೋಗುವುದು, ಮಿಕ್ಕದ್ದನ್ನು ಎರಡು ವರ್ಷದ ಮೇಲೆ ನೋಡುವುದು ಎಂದು ಅವಳೂ ಲಾರಿ ಓಡಿಸುವ ಗಂಡನೂ ಮಾತಾಡಿಕೊಂಡಿದ್ದರು. ಅದನ್ನು ಗುಬ್ಬಿಗೆ ಹೇಳುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ.

ಆಸ್ಪತ್ರೆಯ ಕುರ್ಚಿಯಲ್ಲಿ ನಿವೃತ್ತ ಹೆಡ್‌ಮಾಷ್ಟ್ರು ಒರಗಿದ್ದರು. ಅವರ ಹೊಸ ಸೆಟ್ಟು ಇನ್ನೂ ಮೇಣದ ಹಂತದಲ್ಲಿತ್ತು. ಗುಲಾಬಿ ಮೇಣದ ಒಸಡಿನಲ್ಲಿ ಹಲ್ಲುಗಳನ್ನು ನೆಟ್ಟು, ಒಮ್ಮೆ ಬಾಯಿಗೆ ಹಾಕಿ ನೋಡಿ, ಒಪ್ಪಿಗೆಯಾದ ಮೇಲೆಯೇ ಅದನ್ನು ಗಟ್ಟಿ ಮಾಡುವುದು.

"ಸರ್, ಈ ಕಾಗದ ತಪ್ಪಾಗಿದೆ" ಎಂದಳು ಹಲ್ಲಕ್ಕ.

ಡಾಕ್ಟರು ತಿರುಗಿಯೂ ನೋಡಲಿಲ್ಲ. "ಏನ್ ತಪ್ಪು? ಪ್ರಾಮಾಣಿಕ ಅಂತ ಬರೆದಿದೀನಲ್ಲ."

"ಸಹಾಯಕಿ ಅಂತಲೂ ಬರೆದಿದೀರ."

"ಒಂದು ಪದಕ್ಕೆ ಇಷ್ಟು ಗಲಾಟೆನಾ?"

"ಒಂದೇ ಪದ ಅಲ್ವಾ ಸರ್? ಬದಲಾಯಿಸಿ ಕೊಡಿ ಮತ್ತೆ."

ಡಾಕ್ಟರ ಮುಖ ಕೆಂಪಾಯಿತು. "ನೀನು ಹೊರಟುಹೋದ್ರೆ ನನ್ನ ಲ್ಯಾಬ್ ಗತಿ ಏನು? ನೋಡಮ್ಮಾ, ಅಳತೆ ತೆಗೆಯೋನು ನಾನು. ನೀನು ಹೇಳಿದ್ದನ್ನ ಮಾಡ್ತೀಯ. ಅದಕ್ಕೆ ಸಹಾಯ ಅನ್ನದೆ ಇನ್ನೇನ್ ಅಂತಾರೆ?"

ಅಷ್ಟರಲ್ಲಿ ಹೆಡ್‌ಮಾಷ್ಟ್ರು ಮೇಣದ ಸೆಟ್ಟನ್ನು ಬಾಯಿಂದ ತೆಗೆದು, ಕೈಗನ್ನಡಿಯನ್ನು ಕೆಳಗಿಟ್ಟರು. "ಎಲ್ಲಾ ಚೆನ್ನಾಗಿದೆ. ಆದ್ರೆ ಇದು ನಾನಲ್ಲ. ನನ್ನ ಮುಂದಿನ ಹಲ್ಲು ಸ್ವಲ್ಪ ವಾರೆ ಇತ್ತು" ಎಂದರು.

ಹಲ್ಲು ಕಟ್ಟಿಸಿಕೊಳ್ಳುವವರ ಹಳೆಯ ಫೋಟೋ ಕೇಳಿ ತರಿಸಿಕೊಳ್ಳುವುದು ಹಲ್ಲಕ್ಕನ ಪದ್ಧತಿ. ತೀರಾ ನೆಟ್ಟಗಿರುವ ಹಲ್ಲು ಅಂಗಡಿಯ ಹಲ್ಲಿನಂತೆ ಕಾಣುತ್ತದೆ, ವಯಸ್ಸಿನಲ್ಲಿದ್ದಾಗ ಇದ್ದ ಸೊಟ್ಟವನ್ನು ತಿರುಗಿ ಕೊಟ್ಟರೆ ಮಾತ್ರ ಮುಖಕ್ಕೆ ಮುಖ ಬರುತ್ತದೆ ಎಂಬುದು ಅವಳ ನಂಬಿಕೆ. ಮಾಷ್ಟ್ರ ಫೋಟೋ ನಿನ್ನೆ ಸಂಜೆ, ಹಲ್ಲು ನೆಟ್ಟು ಮುಗಿದ ಮೇಲೆ ಬಂದಿತ್ತು. ಅವಳು ಹಿಂದಿನ ಕೋಣೆಯಿಂದ ಆ ಫೋಟೋ, ಮೇಣದ ಚಾಕು, ಸ್ಪಿರಿಟ್ ದೀಪ ತಂದು ಮೇಜಿನ ಮೇಲಿಟ್ಟಳು. ಚಾಕುವಿನ ಹಿಡಿಯನ್ನು ಡಾಕ್ಟರ ಕಡೆಗೆ ತಿರುಗಿಸಿದಳು.

"ಹಾಗಾದ್ರೆ ಆ ಹಲ್ಲನ್ನ ನೀವೇ ತಿರುಗಿಸಿ ಸರ್. ಅರ್ಧ ಅಕ್ಕಿಕಾಳಿನಷ್ಟು. ದೀಪ ನಾನು ಹಚ್ಚಿ ಕೊಡ್ತೀನಿ. ಸಹಾಯ ಮಾಡೋದು ನನ್ನ ಕೆಲಸ ಅಲ್ವಾ?"

ಕಾಂಪೌಂಡರ್ ಕೆಮ್ಮಿದ. ಅತ್ತೆ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎಲ್ಲರೂ ನೋಡುತ್ತಿರುವಾಗ ಆಗಲ್ಲ ಎನ್ನುವುದು ಹೇಗೆ? ಡಾಕ್ಟರು ಚಾಕು ತಗೊಂಡು ಉರಿಗೆ ಹಿಡಿದರು. ಅವಳಾಗಿದ್ದರೆ, ಮಗುವಿನ ಹಾಲಿನ ಬಿಸಿ ನೋಡುವ ಹಾಗೆ, ಚಾಕುವನ್ನು ಮೊದಲು ತನ್ನ ಮುಂಗೈಗೆ ಸೋಕಿಸಿ ನೋಡುತ್ತಿದ್ದಳು. ಹನ್ನೊಂದು ವರ್ಷದ ಸಣ್ಣ ಸಣ್ಣ ಕಲೆಗಳು ಆ ಮುಂಗೈ ಮೇಲೆ ಇನ್ನೂ ಇದ್ದವು. ಡಾಕ್ಟರು ಕಾದ ಚಾಕುವನ್ನು ನೇರ ಮೇಣಕ್ಕೇ ಒತ್ತಿದರು. ಒಸಡು ಸುಯ್ ಎಂದು ಕರಗಿತು. ಒಂದು ಹಲ್ಲು ತಿರುಗಬೇಕಾದಲ್ಲಿ ನಾಲ್ಕು ಹಲ್ಲು ಒಟ್ಟಿಗೆ ವಾಲಿಕೊಂಡು, ಬಸ್ಸಿನಲ್ಲಿ ನಿದ್ದೆ ಹೋದವರ ಹಾಗೆ ಒಂದರ ಹೆಗಲ ಮೇಲೊಂದು ಬಿದ್ದವು.

"ಈ ಮೇಣ ಸರಿಯಿಲ್ಲ" ಎಂದರು ಡಾಕ್ಟರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಅತ್ತೆ, ಗೋಡೆಗೆ ಹೇಳುವವರಂತೆ.

ಹೆಡ್‌ಮಾಷ್ಟ್ರು ಎದ್ದು ಕೂತರು. "ಡಾಕ್ಟ್ರೇ, ನಾಳಿದ್ದು ನನಗೆ ಸನ್ಮಾನ. ಭಾಷಣ ಬೇರೆ ಇದೆ. ಬೊಚ್ಚುಬಾಯಲ್ಲಿ ಹಾರ ಹಾಕಿಸ್ಕೊಳ್ಳಲಾ?"

"ಮೊದಲು ಇದನ್ನ ಸರಿ ಮಾಡು. ಕಾಗದ ಆಮೇಲೆ ನೋಡೋಣ" ಎಂದರು ಡಾಕ್ಟರು, ಧ್ವನಿ ತಗ್ಗಿಸಿ.

"ಮೊದಲು ಕಾಗದ ಸರ್." ಅವಳ ಧ್ವನಿ ಏರಲಿಲ್ಲ. ಹಟ ಹಿಡಿದ ಮಗುವಿಗೆ ಊಟ ಮಾಡಿಸುವಾಗಿನ ಧ್ವನಿ ಅದು. "ಮಾಷ್ಟ್ರ ಹಲ್ಲನ್ನ ನಾನು ಹೇಗಿದ್ರೂ ಮಾಡಿಕೊಡ್ತೀನಿ, ಅವರೇನು ತಪ್ಪು ಮಾಡಿದಾರೆ? ಆದ್ರೆ ಇಷ್ಟು ವರ್ಷ ಡಬ್ಬಿ ಮೇಲೆ ನನ್ನ ಹೆಸರಿಲ್ಲ ಅಂತ ನಾನು ಕೇಳಲಿಲ್ಲ. ಕೇಳದೇ ಇದ್ದಿದ್ದಕ್ಕೆ ಇವತ್ತು ತೊಳೆಯೋಳಾದೆ. ಕಾಗದದಲ್ಲಿ ಇಲ್ಲದೋರು ಇಲ್ಲ ಅಂತಲೇ ಲೆಕ್ಕ ಸರ್. ಬರೀರಿ."

ಗುಬ್ಬಿ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಬರೀರಿ ಡಾಕ್ಟ್ರೇ, ನಾನು ಹೇಳ್ತೀನಿ" ಎಂದು ಹೆಡ್‌ಮಾಷ್ಟ್ರು ಬೊಚ್ಚುಬಾಯಲ್ಲೇ ಉಕ್ತಲೇಖನ ಶುರುಮಾಡಿದರು. ನಡುವೆ "ಸ್ವತಃ" ಎಂಬ ಪದ ಬಿಟ್ಟುಹೋದಾಗ, ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ ಮೇಜು ಕುಟ್ಟಿ ಇನ್ನೊಮ್ಮೆ ಬರೆಸಿದರು. ಹಲ್ಲು ಜೋಡಿಸುವುದು, ಮೇಣ ಕಡೆಯುವುದು, ಮೇಲಿನ ಹಲ್ಲಿಗೆ ಕೆಳಗಿನದು ಸರಿಯಾಗಿ ಕೂರುವಂತೆ ಕಚ್ಚು ಸರಿಪಡಿಸುವುದು ಎಲ್ಲವೂ ಬಂತು. ಸಹಿ ಬಿತ್ತು, ಮೊಹರು ಬಿತ್ತು. ಅವಳು ಎರಡು ಸಲ ಓದಿ, ಮಡಿಸಿ ಚೀಲದಲ್ಲಿಟ್ಟಳು. ಆಮೇಲೆ ಚಾಕು ಕಾಯಿಸಿ, ಮುಂಗೈಗೆ ಸೋಕಿಸಿ, ಮುಕ್ಕಾಲು ಗಂಟೆಯಲ್ಲಿ ಮಾಷ್ಟ್ರಿಗೆ ಅವರ ಸೊಟ್ಟ ಹಲ್ಲನ್ನು ವಾಪಸು ಕೊಟ್ಟಳು. ಮಾಷ್ಟ್ರು ಕನ್ನಡಿ ಹಿಡಿದು, ಆ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡರು. ಸೆಟ್ಟು ಗಟ್ಟಿ ಮಾಡುವುದನ್ನು ಅವಳು ನಾಳೆಗೆ ಇಟ್ಟುಕೊಂಡಳು.

ವೀಸಾ ಕಚೇರಿಯಲ್ಲಿ ಟೋಕನ್ ಸಿಕ್ಕಾಗ ಮೂರೂವರೆ. ಮುಂದೆ ಇನ್ನೂ ಹನ್ನೆರಡು ಜನ ಇದ್ದರು. ಅತ್ತೆ ಕಬ್ಬಿಣದ ಕುರ್ಚಿಯಲ್ಲಿ ತೂಕಡಿಸತೊಡಗಿದರು. ಹಲ್ಲಕ್ಕ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು, ಮಗಳನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಬೆಳಿಗ್ಗೆ ಬಿಟ್ಟ ಜಡೆಯನ್ನು ಹೆಣೆಯತೊಡಗಿದಳು. ಇವತ್ತು ಅವಳಿಗೆ ಯಾರ ಭಯವೂ ಇರಲಿಲ್ಲ. ಡಾಕ್ಟರೇ ಮಣಿದ ಮೇಲೆ ಈ ಕಿಟಕಿಯ ಹಿಂದೆ ಕೂತವರು ಯಾವ ಲೆಕ್ಕ?

ಗುಬ್ಬಿ ಕತ್ತು ತಿರುಗಿಸಿದಳು. ಹೆಣೆಯುತ್ತಿದ್ದ ಎಳೆಗಳು ಕೈಯಿಂದ ಜಾರಿದವು. ಮಡಿಲಲ್ಲಿದ್ದ ಅರ್ಜಿಯ ಮೂರನೇ ಹಾಳೆಯನ್ನು ಅವಳು ತಾನೇ ತೆರೆದಳು. "ಜೊತೆಗೆ ಬರುವವರು" ಎಂಬಲ್ಲಿ ತಾಯಿ ಎಳೆದಿದ್ದ ಉದ್ದನೆಯ ಗೀಟಿನ ಮೇಲೆ ಬೆರಳಿಟ್ಟಳು. ಈ ಸಲ ತೆರೆದ ಬಾಯಿ ಮುಚ್ಚಲಿಲ್ಲ. ಬಂದ ಧ್ವನಿ ಏರಲೂ ಇಲ್ಲ, ನಡುಗಲೂ ಇಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕೇಳಿದ್ದ ತಾಯಿಯ ಧ್ವನಿಯೇ ಅದು.

"ಅಮ್ಮಾ, ಕಾಗದದಲ್ಲಿ ಇಲ್ಲದೋರು ಇಲ್ಲ ಅಂತಲೇ ಲೆಕ್ಕ ಅಂದ್ಯಲ್ಲ. ಇದರಲ್ಲಿ ನನ್ನ ಹೆಸರು ಯಾಕೆ ಬರೆದಿಲ್ಲ?"